ಮೂರು ಯೂನಿಟ್ಟಿನ ರಟ್ಟು

ನಮ್ಮಕ್ಕ ಹೆದರದೆ ಇದ್ದ ವಸ್ತು ಈ ಲೋಕದಲ್ಲಿ ಒಂದೇ ಒಂದು: ಸೂಜಿ. ಮಿಕ್ಕಿದ್ದಕ್ಕೆಲ್ಲ ಹೆದರುತ್ತಿದ್ದಳು. ಗಿರಾಕಿಗಳ ಕಟ್ಟಡದಲ್ಲಿ ಲಿಫ್ಟಿಗೆ ಹೆದರಿ ಬಟ್ಟೆಯ ಗಂಟು ಹೊತ್ತುಕೊಂಡು ಐದು ಮಹಡಿ ಹತ್ತುವಳು. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಯಾರೋ ಹೋದರೆಂದೇ ಅವಳ ಎಣಿಕೆ. ಮನೆಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ನಡೆದ ಮೇಲೆ ಗಕ್ಕನೆ ನಿಂತು, "ಗ್ಯಾಸ್ ಆಫ್ ಮಾಡಿದ್ಯೇನೇ?" ಎನ್ನುವಳು. ಮಾಡಿದ್ದೀನಿ ಎಂದರೆ ಸಾಲದು, ವಾಪಸು ಬಂದು ಕಣ್ಣಾರೆ ನೋಡಬೇಕು. ನನಗೋ ಕೋಪ ಮೂಗಿನ ತುದಿಯಲ್ಲೇ. "ನೀನು ಹುಟ್ಟುವಾಗ್ಲೂ ಹೆದರ್ಕೊಂಡೇ ಹೊರಗೆ ಬಂದಿರ್ತೀಯ, ಬಾ" ಎಂದು ಬೈದುಕೊಂಡು ಅವಳ ಹಿಂದೆ ಕಾಲೆಳೆಯುತ್ತಿದ್ದೆ.

ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೋಟೆಲಿನ ಸಪ್ಲೈಯರುಗಳ ಅಂಗಿ, ನರ್ಸುಗಳ ಬಿಳಿ ಕೋಟು, ಬ್ಯಾಂಡಿನವರ ಕೆಂಪು ಜಾಕೀಟು, ಹೀಗೆ ಸಮವಸ್ತ್ರವೇ ನಮ್ಮ ಹೊಟ್ಟೆಪಾಡು. ಅಳತೆ ತೆಗೆಯುವುದು, ಕತ್ತರಿಸುವುದು, ಮಿಷನ್ನು ತುಳಿಯುವುದು ಅವಳದ್ದು. ಕಾಜಾ ಹಾಕುವುದು, ಗುಂಡಿ ಹೊಲಿಯುವುದು, ಅಂಚು ಮಡಚುವುದು ನನ್ನದು. ನಾನು ಗಂಡನ ಮನೆ ಬಿಟ್ಟು ಒಂದು ಪೆಟ್ಟಿಗೆ ಹಿಡಿದು ಬಂದ ದಿನ ಒಂದೇ ಒಂದು ಮಾತು ಕೇಳದೆ ತನ್ನ ಪಕ್ಕದಲ್ಲಿ ಹಾಸಿಗೆ ಹಾಸಿದವಳು ಅವಳು. ಅವಳು ಮದುವೆಯೇ ಆಗಲಿಲ್ಲ. ಯಾಕೆ ಎಂದು ಕೇಳಿದರೆ, "ಹೆದರಿಕೆ ಆಯ್ತು ಕಣೆ" ಎನ್ನುವಳು, ಅಷ್ಟೇ.

ನಮ್ಮ ಬೆಕ್ಕು ಬಂದದ್ದೂ ಆ ಹೆದರಿಕೆಯಿಂದಲೇ. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಬೂದಿ ಬಣ್ಣದ ದಡಿಯ ಗಂಡುಬೆಕ್ಕೊಂದು ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬಂದು, ಕತ್ತರಿಸಿಟ್ಟಿದ್ದ ಜಾಕೀಟಿನ ಬಟ್ಟೆಯ ಮೇಲೆ ಮಲಗಿತು. ಎಬ್ಬಿಸಲು ಅಕ್ಕನಿಗೆ ಧೈರ್ಯ ಬರಲಿಲ್ಲ. ಸಂಜೆಯವರೆಗೆ ಬೇರೆ ಕೆಲಸ ಹುಡುಕಿಕೊಂಡು ಕೂತಳು. ಮರುದಿನವೂ ಅದೇ ಕತೆ. ಮೂರನೇ ದಿನಕ್ಕೆ ಅವನು ನಮ್ಮವನೇ ಆಗಿಬಿಟ್ಟ. ಕೂತಲ್ಲಿಗೇ ಎಲ್ಲ ಬರಬೇಕು ಎನ್ನುವ ಅವನ ಗತ್ತು ನೋಡಿ ನಾನೇ ಸಾಹುಕಾರ ಎಂದು ಹೆಸರಿಟ್ಟೆ.

ಹೋದ ವರ್ಷ ಸಾಹುಕಾರ ನೀರು ಕುಡಿಯಲು ಶುರುಮಾಡಿದ. ಬಟ್ಟಲು ಬರಿದು ಮಾಡಿ, ಇಸ್ತ್ರಿಗೆಂದು ಇಟ್ಟ ಚೊಂಬಿನ ನೀರಿಗೂ ಮುಖ ಹಾಕಿದ. ತಟ್ಟೆ ನೆಕ್ಕಿ ಮುಗಿಸುತ್ತಿದ್ದ, ಆದರೂ ಬೆನ್ನುಮೂಳೆ ಕೈಗೆ ಸಿಗುವಷ್ಟು ಇಳಿದುಹೋದ. ಹಿಂಗಾಲಿನ ಪಾದವನ್ನು ಪೂರ್ತಿ ನೆಲಕ್ಕೆ ಹಚ್ಚಿ ಮುದುಕರ ಹಾಗೆ ನಡೆಯತೊಡಗಿದ. ಪ್ರಾಣಿಗಳ ಡಾಕ್ಟರಮ್ಮ ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು. "ಸಾಹುಕಾರರ ಕಾಯಿಲೆ ನಮ್ಮ ಸಾಹುಕಾರನಿಗಲ್ದೆ ಇನ್ಯಾರಿಗೆ ಬರುತ್ತೆ" ಎಂದು ನಾನು ನಕ್ಕೆ. ಅಕ್ಕ ನಗಲಿಲ್ಲ. "ಸಾಯ್ತಾನಾ?" ಎಂದು ಕೇಳಿದಳು.

"ದಿನಕ್ಕೆರಡು ಸಲ ಇನ್ಸುಲಿನ್ ಕೊಡ್ಬೇಕಮ್ಮ. ಬೆಳಗ್ಗೆ ಏಳಕ್ಕೆ, ಸಂಜೆ ಏಳಕ್ಕೆ. ಊಟ ಮಾಡಿದ್ಮೇಲೆ ಮೂರು ಯೂನಿಟ್. ಕಡಿಮೆ ಆದ್ರೆ ನಿಧಾನವಾಗಿ ಕೆಡುತ್ತೆ, ಸರಿ ಮಾಡ್ಬಹುದು. ಜಾಸ್ತಿ ಆದ್ರೆ ಮಾತ್ರ ಅವತ್ತೇ ಹೋಗ್ಬಿಡ್ತಾನೆ," ಎಂದರು ಡಾಕ್ಟರಮ್ಮ.

ಆ ಕೊನೆಯ ಮಾತು ಅಕ್ಕನ ಎದೆಯಲ್ಲಿ ಕೂತುಬಿಟ್ಟಿತು. ಸೂಜಿಯೊಂದಕ್ಕೆ ಹೆದರದವಳು ಆವತ್ತಿನಿಂದ ಸೂಜಿಗೂ ಹೆದರಿದಳು. ಮೊದಲ ವಾರ ಅವಳ ಕೈ ಎಷ್ಟು ನಡುಗುತ್ತಿತ್ತೆಂದರೆ, ಜಾಕೀಟಿನ ಭುಜಕ್ಕಿಡುವ ಮೆತ್ತೆಯೊಂದಕ್ಕೆ ಬರೀ ನೀರು ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿಕೊಂಡಳು. "ನಾನು ಕೊಡ್ತೀನಿ ಬಿಡೇ" ಎಂದು ನಾನು ಎಷ್ಟು ಸಲ ಹೇಳಿದರೂ ಸಿರಿಂಜು ಬಿಟ್ಟುಕೊಡಲಿಲ್ಲ. ಆಮೇಲೆ ಎಂಥ ಕೈ ಬಂತು! ಬಟ್ಟೆಯ ಮಡಿಕೆ ಎತ್ತಿದ ಹಾಗೆ ಕತ್ತಿನ ಹಿಂದಿನ ಚರ್ಮ ಎತ್ತಿ, ತಿಂದು ಖಾಲಿ ತಟ್ಟೆ ನೆಕ್ಕುತ್ತಿದ್ದ ಸಾಹುಕಾರ ತಲೆ ಎತ್ತುವುದರೊಳಗೆ ಕೆಲಸ ಮುಗಿಸಿರುತ್ತಿದ್ದಳು.

ಆದರೂ ಹೆದರಿಕೆ ಹೋಗಲಿಲ್ಲ. ಅಕಸ್ಮಾತ್ ಸಕ್ಕರೆ ಇಳಿದರೆ ಒಸಡಿಗೆ ಜೇನುತುಪ್ಪ ಸವರಿ ಎಂದು ಡಾಕ್ಟರಮ್ಮ ಹೇಳಿದ್ದೇ ತಡ, ಮನೆಯ ನಾಲ್ಕು ಕಡೆ ಜೇನುತುಪ್ಪದ ನಾಲ್ಕು ಸೀಸೆ ಬಂದು ಕೂತವು. ಅಡುಗೆಮನೆಯಲ್ಲೊಂದು, ಮಂಚದ ಕೆಳಗೊಂದು, ಬಚ್ಚಲಿನ ಗೂಡಿನಲ್ಲೊಂದು, ಮಿಷನ್ನಿನ ಡ್ರಾಯರಿನಲ್ಲೊಂದು. ಇರುವೆಗಳಿಗೆ ನಮ್ಮ ಮನೆ ತವರುಮನೆಯಾಯಿತು. ಗೋಡೆಯ ಮೇಲೆ ಡಾಕ್ಟರಮ್ಮನ ಫೋನ್ ನಂಬರು, ಒಂದೊಂದು ಅಂಕಿ ಅಂಗೈಯಷ್ಟು ದೊಡ್ಡದು. "ಇದೇನು ಮನೆಯಾ, ಬಸ್ ಸ್ಟ್ಯಾಂಡಾ?" ಎಂದು ನಾನು ರೇಗಿದೆ. "ಇರ್ಲಿ ಬಿಡೇ, ಚೆನ್ನಾಗಿ ಕಾಣ್ಲಿ" ಎಂದಳು.

ಇನ್ನು ಆ ರಟ್ಟಿನ ವಿಷಯ. ಗುಂಡಿಯಿಂದ ಗುಂಡಿಗೆ ಎಷ್ಟು ದೂರ ಎಂದು ನಾವು ಪ್ರತಿ ಅಂಗಿಗೂ ಟೇಪು ಹಿಡಿಯುತ್ತ ಕೂರುವುದಿಲ್ಲ. ಅಷ್ಟಗಲದ ಒಂದು ರಟ್ಟಿನ ತುಂಡು ಕತ್ತರಿಸಿಟ್ಟುಕೊಂಡು, ಅದನ್ನಿಟ್ಟು ಗುರುತು ಹಾಕುತ್ತ ಹೋಗುತ್ತೇವೆ. ನೂರು ಅಂಗಿಯಾದರೂ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆಗುವುದಿಲ್ಲ. ಎಂಟು ತಿಂಗಳ ಹಿಂದೆ ಅಕ್ಕ ಸಿರಿಂಜಿಗೂ ಹಾಗೊಂದು ರಟ್ಟು ಮಾಡಿದಳು. ನನ್ನ ಕೈಲಿ ಸರಿಯಾಗಿ ಮೂರು ಯೂನಿಟ್ ಎಳೆಸಿ, ಸಿರಿಂಜಿನ ಹಿಂದಿನ ಅಂಚಿಗೂ ಎಳೆಯುವ ಹಿಡಿಯ ತಲೆಗೂ ನಡುವಿನ ಸಂದಿಗೆ ಬಿಗಿಯಾಗಿ ಕೂರುವಂತೆ ಕತ್ತರಿಸಿದಳು. ಅಂಚು ಸವೆಯದಿರಲಿ ಎಂದು ನೀಲಿ ದಾರ ಸುತ್ತಿದಳು. ಹಿಡಿ ಎಳೆಯುವುದು, ರಟ್ಟು ಕೂರಿಸುವುದು, ಕೂತರೆ ಮೂರು. "ಆ ಸಣ್ಣ ಸಣ್ಣ ಗೆರೆ ಎಣಿಸೋ ತಾಪತ್ರಯ ಯಾಕೆ" ಎಂದಳು. "ಪರವಾಗಿಲ್ವೇ, ತಲೆ ಇದೆ ನಿಂಗೆ!" ಎಂದು ನಾನೂ ಮೆಚ್ಚಿದೆ.

ಮೆಚ್ಚುವ ಬದಲು ಯೋಚಿಸಬೇಕಾಗಿತ್ತು. ಅದೇ ಸುಮಾರಿಗೆ ಅಕ್ಕ ಮಿಷನ್ನನ್ನು ಕಿಟಕಿಯ ಪಕ್ಕಕ್ಕೆ ಎಳೆಸಿದ್ದಳು. ಕಪ್ಪು ಬಟ್ಟೆಯ ಕೆಲಸ ಬೇಡ ಎನ್ನತೊಡಗಿದ್ದಳು. ಬೆಳಗ್ಗೆ ಎದ್ದ ಕೂಡಲೇ ಹತ್ತು ಸೂಜಿಗೆ ದಾರ ಪೋಣಿಸಿ ಮೆತ್ತೆಗೆ ಚುಚ್ಚಿಡು ಎಂದು ನನಗೆ ಹೇಳುತ್ತಿದ್ದಳು. ವಯಸ್ಸಾಯಿತು, ಸೋಮಾರಿತನ ಬಂತು ಎಂದುಕೊಂಡೆ. ನನ್ನ ಬುದ್ಧಿ ಅಷ್ಟೇ.

ಆ ದಿನ ಹೋಟೆಲಿನ ಮ್ಯಾನೇಜರು ಬೆಳಗ್ಗೆ ಏಳೂವರೆಗೇ ಅಂಗಿಗಳ ಟ್ರಯಲ್ ನೋಡಬೇಕೆಂದಿದ್ದರು. ಆರೂವರೆಗೆ ಮನೆ ಬಿಡಬೇಕು. ಒಂದು ವರ್ಷದಲ್ಲಿ ಮೊದಲ ಸಲ ಇಂಜೆಕ್ಷನ್ನು ನನ್ನ ಪಾಲಿಗೆ ಬಂತು. ಅಕ್ಕ ಹೊಸ್ತಿಲು ದಾಟಿ ಮೂರು ಸಲ ವಾಪಸು ಬಂದಳು.

"ತಿಂದ ಮೇಲೆ ಕೊಡು. ತಿನ್ಲಿಲ್ಲ ಅಂದ್ರೆ ಕೊಡ್ಬೇಡ."

"ಆಯ್ತು."

"ರಟ್ಟು ಇಟ್ಟು ನೋಡು."

"ಆಯ್ತು ಅಂದ್ನಲ್ಲ."

"ಎರಡು ಸಲ ಇಟ್ಟು ನೋಡು ಕಣೆ."

"ಹೋಗೇ ತಾಯಿ! ನಾನೇನು ಎಳೆಮಗುವಾ? ನೀನು ಹೀಗೇ ನಿಂತಿದ್ರೆ ಆ ಮ್ಯಾನೇಜರು ಬರೀ ಬನಿಯನ್ನಲ್ಲೇ ಹೋಟೆಲು ನಡೆಸ್ಬೇಕಾಗುತ್ತೆ."

ಅವಳಿಗೆ ನಾನು ಹೇಳದೆ ಇದ್ದದ್ದು ಒಂದಿತ್ತು. ಹಿಂದಿನ ಸಂಜೆಗೆ ಹಳೆಯ ಡಬ್ಬಿಯ ಕೊನೆಯ ಸಿರಿಂಜು ಮುಗಿದಿತ್ತು. ಹೊಸದು ತರಲು ನಾನೇ ಹೋಗಿದ್ದೆ. "ಆ ಸಣ್ಣದು ಬರೋಕೆ ನಾಲ್ಕು ದಿನ ಆಗುತ್ತೆ. ಇದೂ ಇನ್ಸುಲಿನ್ ಸಿರಿಂಜೇ, ಸ್ವಲ್ಪ ದಪ್ಪ, ನಂಬರ್ ನೋಡ್ಕೊಂಡು ಎಳೀರಿ" ಎಂದಿದ್ದ ಔಷಧಿ ಅಂಗಡಿಯವನು. ಆ ನಂಬರಿನ ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದು ಕಿವಿಯಲ್ಲಿ ಹೋಯಿತು. ಸಿರಿಂಜು ಬೇರೆ ಎಂದು ಅಕ್ಕನಿಗೆ ಹೇಳಿದರೆ ರಾತ್ರಿಯೆಲ್ಲ ನನ್ನ ತಲೆ ತಿನ್ನುತ್ತಾಳೆ ಎಂದು ಬಾಯಿ ಬಿಡಲಿಲ್ಲ.

ಏಳಕ್ಕೆ ಸಾಹುಕಾರ ತಟ್ಟೆಯಲ್ಲಿದ್ದುದರ ಅರ್ಧ ತಿಂದ. ಅರ್ಧ ತಿಂದರೂ ತಿಂದ ಹಾಗೇ ಎಂದುಕೊಂಡೆ. ಹೊಸ ಸಿರಿಂಜು ತೆಗೆದು, ಹಿಡಿ ಎಳೆದು, ಸಂದಿಗೆ ನೀಲಿ ದಾರದ ರಟ್ಟು ಕೂರಿಸಿದೆ. ಅಚ್ಚುಕಟ್ಟಾಗಿ ಕೂತಿತು. ಎರಡು ಸಲ ಇಟ್ಟು ನೋಡು ಎಂದಿದ್ದಳಲ್ಲ, ಎರಡನೇ ಸಲವೂ ಕೂತಿತು. ಕೊಳವೆಯಲ್ಲಿ ಔಷಧಿ ಸ್ವಲ್ಪ ಹೆಚ್ಚೇ ಕಂಡಿತು. ಕಂಡಿತು, ಸುಳ್ಳು ಹೇಳುವುದಿಲ್ಲ. ಆದರೆ ಮೂವತ್ತು ವರ್ಷ ರಟ್ಟು ಹೇಳಿದಲ್ಲಿ ಗುಂಡಿ ಹೊಲಿದವಳು ನಾನು. ರಟ್ಟು ಸರಿ ಎಂದ ಮೇಲೆ ಕಣ್ಣನ್ನು ಯಾರು ಕೇಳುತ್ತಾರೆ? ಚುಚ್ಚಿದೆ. "ನೋಡ್ದ್ಯೇನೋ ಸಾಹುಕಾರ, ಇಷ್ಟಕ್ಕೆ ನಿಮ್ಮಕ್ಕ ಅಷ್ಟೊಂದು ಆಡ್ತಾಳೆ" ಎಂದು ಬೆನ್ನು ಸವರಿದೆ.

ಒಂಬತ್ತೂಕಾಲಿಗೆ ನಾನು ನರ್ಸ್ ಕೋಟಿಗೆ ಕಾಜಾ ಹಾಕುತ್ತ ಕೂತಿದ್ದೆ. ಸಾಹುಕಾರ ಒಳಕೋಣೆಯಿಂದ ಬಂದ. ಹಿಂಗಾಲು ಎರಡೂ ಒಂದಕ್ಕೊಂದು ತೊಡರಿಕೊಳ್ಳುತ್ತಿದ್ದವು. ಬಾಗಿಲ ಚೌಕಟ್ಟಿಗೆ ಹೆಗಲು ತಾಗಿಸಿಕೊಂಡು ನಿಂತ. ಕರೆದೆ, ತಿರುಗಲಿಲ್ಲ. ಎರಡು ಹೆಜ್ಜೆ ಇಟ್ಟು ಮಿಷನ್ನಿನ ಪೆಡಲಿನ ಪಕ್ಕ ಧೊಪ್ಪನೆ ಮಗ್ಗುಲಾಗಿ ಬಿದ್ದ. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ಕಣ್ಣು ಪೂರ್ತಿ ಕಪ್ಪಾಗಿತ್ತು, ಹಳದಿ ಒಂದಿಷ್ಟೂ ಉಳಿದಿರಲಿಲ್ಲ.

ಓಡಿಹೋಗಿ ಆ ಸಿರಿಂಜು ಎತ್ತಿ, ಹಿಡಿ ಎಳೆದು, ರಟ್ಟು ಕೂರಿಸಿ ಕಿಟಕಿಯ ಬೆಳಕಿಗೆ ಹಿಡಿದು ಗೆರೆ ಎಣಿಸಿದೆ. ಮತ್ತೆ ಎಣಿಸಿದೆ. ಏಳು. ಸಂದಿ ಅಷ್ಟೇ ಇತ್ತು, ಕೊಳವೆ ದಪ್ಪವಾಗಿತ್ತು. ಉದ್ದ ಒಂದೇ ಆದರೂ ಸಣ್ಣ ಲೋಟದಲ್ಲಿ ಹಿಡಿಯುವುದಕ್ಕೂ ದೊಡ್ಡ ಲೋಟದಲ್ಲಿ ಹಿಡಿಯುವುದಕ್ಕೂ ವ್ಯತ್ಯಾಸವಿದೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಬಟ್ಟೆಗೆ ದಪ್ಪದ ಲೆಕ್ಕವಿಲ್ಲ, ನಮಗೆ ಉದ್ದ ಅಂದರೆ ಉದ್ದ. ಮೂರು ಕೊಡುವಲ್ಲಿ ಏಳು ಕೊಟ್ಟಿದ್ದೆ. ಅವತ್ತೇ ಹೋಗ್ಬಿಡ್ತಾನೆ, ಅವತ್ತೇ ಹೋಗ್ಬಿಡ್ತಾನೆ ಎಂದು ಡಾಕ್ಟರಮ್ಮನ ಮಾತು ತಲೆಯಲ್ಲಿ ಗಿರಗಿರ ಸುತ್ತಿತು.

ಡ್ರಾಯರು ಎಳೆದೆ. ನಾನು ಬೈದಿದ್ದ ಜೇನುತುಪ್ಪ ಅಲ್ಲೇ ಇತ್ತು. ಮುಚ್ಚಳ ಅಂಟಿಕೊಂಡು ತಿರುಗಲೊಲ್ಲದು. ಸೀಸೆಯ ಕತ್ತನ್ನು ಮಿಷನ್ನಿಗೆ ಹೊಡೆದೆ, ಸೆರಗಿನಲ್ಲಿ ಹಿಡಿದು ತಿರುಗಿಸಿದೆ, ಕೊನೆಗೆ ಹಲ್ಲಿನಲ್ಲಿ ಕಚ್ಚಿ ಬಿಚ್ಚಿದೆ. ಬೆರಳಿಗೆ ಹಚ್ಚಿಕೊಂಡು ಅವನ ತುಟಿ ಎತ್ತಿ ಒಸಡಿಗೆ ಉಜ್ಜಿದೆ. ದವಡೆ ಕಟ್ಟಿಕೊಂಡು ಬೆರಳಿಗೆ ಹಲ್ಲು ನಾಟಿತು, ರಕ್ತ ಬಂತು. ಬರಲಿ ಎಂದು ಉಜ್ಜಿದೆ. ಗೋಡೆಯ ಮೇಲಿನ ಅಂಗೈಯಷ್ಟು ದೊಡ್ಡ ಅಂಕಿಗಳು ಇಲ್ಲದಿದ್ದರೆ ಆ ಹೊತ್ತಿನಲ್ಲಿ ನನಗೆ ಯಾವ ನಂಬರೂ ಕಾಣುತ್ತಿರಲಿಲ್ಲ. ಅವನ್ನು ನೋಡಿಕೊಂಡೂ ಎರಡು ಸಲ ತಪ್ಪು ಒತ್ತಿದೆ.

"ಉಜ್ತಾನೇ ಇರಿ. ಗಂಟಲಿಗೆ ಸುರೀಬೇಡಿ, ಉಸಿರು ಕಟ್ಟುತ್ತೆ. ಈಗಿಂದೀಗ್ಲೇ ಎತ್ಕೊಂಡು ಬನ್ನಿ," ಎಂದರು ಡಾಕ್ಟರಮ್ಮ.

ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಅಕ್ಕ, ಬಗಲಲ್ಲಿ ಬಟ್ಟೆಯ ಗಂಟು. ಸಿರಿಂಜು ಇನ್ನೂ ಮೇಜಿನ ಮೇಲೇ ಇತ್ತು. ಒಂದು ಕ್ಷಣ ಅದನ್ನು ಬಟ್ಟೆಯ ಚೂರುಗಳ ಕೆಳಗೆ ತಳ್ಳಿಬಿಡೋಣ ಅನ್ನಿಸಿತು. ಕಾಯಿಲೆ ತಾನಾಗಿ ಹೆಚ್ಚಾಯಿತು ಅಂದರೆ ಯಾರು ಕೇಳುತ್ತಾರೆ? ಆದರೆ ಅಕ್ಕನ ಮುಖ ನೋಡಿ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ.

"ಏಳು ಕೊಟ್ಬಿಟ್ಟೆ ಅಕ್ಕ. ಸಿರಿಂಜು ಬೇರೆ ಇತ್ತು. ನಾನು ನಿಂಗೆ ಹೇಳ್ಲಿಲ್ಲ."

ಕಿರುಚುತ್ತಾಳೆ, ಕುಸಿದು ಕೂರುತ್ತಾಳೆ ಎಂದುಕೊಂಡಿದ್ದೆ. ಅವಳು ಗಂಟನ್ನು ಅಲ್ಲೇ ಬಿಟ್ಟು, ಒಂದು ಬಿಳಿ ಕೋಟನ್ನು ಎಳೆದುಕೊಂಡು ಸಾಹುಕಾರನನ್ನು ಅದರಲ್ಲಿ ಸುತ್ತಿ ಎದೆಗಾನಿಸಿಕೊಂಡಳು. "ಸೀಸೆ ತಗೋ. ನಡಿ" ಎಂದಳು. ಗ್ಯಾಸ್ ನೋಡಲಿಲ್ಲ. ಬಾಗಿಲಿಗೆ ಬೀಗವನ್ನೂ ಹಾಕಲಿಲ್ಲ. ಅದನ್ನು ಕಂಡು ನನಗೆ ಇನ್ನೂ ಭಯವಾಯಿತು.

ಡಾಕ್ಟರಮ್ಮನ ಕ್ಲಿನಿಕ್ಕು ಐದು ಬೀದಿ ಆಚೆ. ಅಕ್ಕ ಓಡುತ್ತಿದ್ದಳು. ಐವತ್ತೆಂಟು ವರ್ಷದವಳು ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ. ಪಕ್ಕದಲ್ಲಿ ಓಡುತ್ತ ನಾನು ಬೆರಳದ್ದಿ ಒಸಡಿಗೆ ಉಜ್ಜುತ್ತಿದ್ದೆ. ದೊಡ್ಡ ರಸ್ತೆಯಲ್ಲಿ, ಖಾಲಿ ರಸ್ತೆಯನ್ನೂ ಮೂರು ಸಲ ನೋಡಿ ದಾಟುವವಳು ನೇರ ಇಳಿದುಬಿಟ್ಟಳು. ಬಲಗಡೆಯಿಂದ ಬಸ್ಸು ಬರುತ್ತಿತ್ತು. ನಾನು ಅವಳ ರವಿಕೆಯ ಬೆನ್ನು ಹಿಡಿದು ಎಳೆದೆ. ಬಸ್ಸು ಕೂಗಿಕೊಂಡು ಮೂಗಿನ ಮುಂದೆಯೇ ಹೋಯಿತು.

"ಸಾಯ್ತೀಯೇನೇ! ಅಷ್ಟು ದೊಡ್ಡ ಬಸ್ಸು ಕಾಣ್ಲಿಲ್ವಾ?"

"ಇಲ್ಲ," ಎಂದಳು ಅಕ್ಕ. "ಆ ಕಡೆ ಕಾಣಲ್ಲ."

ಅದೇನೆಂದು ಕೇಳುವ ಹೊತ್ತಲ್ಲ. ಕೈ ಹಿಡಿದು ದಾಟಿಸಿದೆ. ಕೋಟಿನೊಳಗೆ ಸಾಹುಕಾರ ಅದುರತೊಡಗಿದ್ದ.

ಡಾಕ್ಟರಮ್ಮ ಅವನನ್ನು ಮೇಜಿನ ಮೇಲೆ ಮಲಗಿಸಿ, ಮುಂಗಾಲಿನ ಕೂದಲು ಕೆರೆದು ಗ್ಲೂಕೋಸು ಏರಿಸಿದರು. ಅದುರುವುದು ನಿಂತಿತು. ಆದರೆ ಎಚ್ಚರವಿಲ್ಲ. "ಮನೇಲೇ ಜೇನುತುಪ್ಪ ಹಚ್ಚಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಇಲ್ಲಿವರೆಗೂ ಬರ್ತಿರ್ಲಿಲ್ಲ. ಸಂಜೆವರೆಗೂ ಏನೂ ಹೇಳೋಕಾಗಲ್ಲ," ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ನೀವು ಅಷ್ಟು ಹುಷಾರಿನವರು. ಇದು ಹೇಗಾಯ್ತು?" ಎಂದು ಕೇಳಿದರು.

ನಾನು ಬಾಯಿ ತೆರೆಯುವುದರೊಳಗೆ ಅಕ್ಕ ರಟ್ಟನ್ನು ಮೇಜಿನ ಮೇಲಿಟ್ಟಳು. ಯಾವಾಗ ಎತ್ತಿಕೊಂಡಿದ್ದಳೋ ತಿಳಿಯದು. ಡಾಕ್ಟರಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದೇನು? ನೀವು ಗೆರೆ ನೋಡಲ್ವಾ?"

"ಗೆರೆ ಕಾಣಲ್ಲ ಡಾಕ್ಟ್ರೇ," ಎಂದಳು ಅಕ್ಕ. "ಎಂಟು ತಿಂಗಳಾಯ್ತು. ಇವತ್ತು ನಾನೇ ಮನೇಲಿದ್ದಿದ್ರೂ ಏಳೇ ಕೊಡ್ತಿದ್ದೆ. ಅವಳನ್ನ ಬೈಬೇಡಿ."

ಹೊರಗೆ ಒಂದು ಉದ್ದ ಬೆಂಚು. ಒಂದು ತುದಿಯಲ್ಲಿ ಅವಳು, ಪಕ್ಕದಲ್ಲಿ ನಾನು. ನನ್ನ ಬೆರಳುಗಳು ಜೇನುತುಪ್ಪಕ್ಕೂ ರಕ್ತಕ್ಕೂ ಅಂಟಿಕೊಂಡಿದ್ದವು. ಮಿಷನ್ನು ಕಿಟಕಿಗೆ ಹೋದದ್ದು, ಕಪ್ಪು ಬಟ್ಟೆ ಬೇಡವಾದದ್ದು, ಹತ್ತು ಸೂಜಿಯ ದಾರ ಎಲ್ಲ ಒಂದೊಂದಾಗಿ ನೆನಪಾಗಿ ನನಗೆ ಅಳು ಬಂತು. ಅಳುವುದು ನನಗೆ ಬರುವುದಿಲ್ಲ, ಬೈಯುವುದೇ ಬರುವುದು.

"ಹೇಳೋಕೇನಾಗಿತ್ತು ನಿಂಗೆ? ಒಂದೇ ಮನೇಲಿದ್ದೀವಿ, ಒಂದೇ ಬಟ್ಟೆಗೆ ನೀನು ಆ ಕಡೆಯಿಂದ ಹೊಲೀತೀಯ, ನಾನು ಈ ಕಡೆಯಿಂದ. ನಾನೇನು ಸತ್ತು ಹೋಗಿದ್ನಾ?"

"ದರ್ಜಿಗೆ ಕಣ್ಣು ಕಾಣಲ್ಲ ಅಂದ್ರೆ ಯಾರು ಬಟ್ಟೆ ಕೊಡ್ತಾರೆ?"

"ಊರಿಗೆ ಹೇಳ್ಬೇಡ. ನಂಗೆ ಹೇಳ್ಬಹುದಿತ್ತಲ್ಲ?"

ಒಳಗೆ ಯಾವುದೋ ನಾಯಿ ಕುಂಯ್ಗುಡುತ್ತಿತ್ತು.

"ನಿಂಗೆ ಹೇಳಿದ್ರೆ ನೀನು, 'ಇನ್ಮೇಲೆ ಇಂಜೆಕ್ಷನ್ ನಾನೇ ಕೊಡ್ತೀನಿ' ಅಂತಿದ್ದೆ. ಕೊಡ್ತಿದ್ದೆ ಕೂಡ. ನಿಂಗೆ ಯಾವುದಕ್ಕೂ ಹೆದರಿಕೆ ಇಲ್ಲ ಕಣೆ. ಹೆದರಿಕೆ ಇಲ್ದೋರ ಕೈಗೆ ಅವನ್ನ ಹೇಗೆ ಕೊಡ್ಲಿ?"

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳು ನನ್ನ ಕೈ ಎಳೆದುಕೊಂಡು, ಸೆರಗಿನ ತುದಿಗೆ ಎಂಜಲು ಹಚ್ಚಿ, ಹಲ್ಲು ನಾಟಿದ ಬೆರಳನ್ನು ಒರೆಸತೊಡಗಿದಳು. ಚಿಕ್ಕವಳಿದ್ದಾಗ ಒರೆಸುತ್ತಿದ್ದ ಹಾಗೆಯೇ. ನನಗೆ ಆ ಬೆಂಚಿನ ಮೇಲೆ ಎಂಥ ಹೆದರಿಕೆ ಆಗುತ್ತಿತ್ತೆಂದರೆ, ಒಳಗಿನಿಂದ ಯಾರ ಹೆಜ್ಜೆಯ ಸದ್ದು ಬಂದರೂ ಬಾಗಿಲ ಕಡೆ ತಿರುಗಿ ನೋಡುತ್ತಿದ್ದೆ. ಇವಳು ಇಷ್ಟು ವರ್ಷ ದಿನಾ ಇದರ ಜೊತೆಗೇ ಬದುಕಿದ್ದಾಳಾ ಎಂದುಕೊಂಡೆ. ಇದನ್ನು ಹೊತ್ತುಕೊಂಡೇ ಐದು ಮಹಡಿ ಹತ್ತಿದ್ದಾಳೆ.

ನಾಲ್ಕೂವರೆಗೆ ಡಾಕ್ಟರಮ್ಮ ಬಾಗಿಲು ತೆರೆದರು. "ಒಳಗೆ ಬನ್ನಿ. ನಿಮ್ಮ ಸಾಹುಕಾರರು ನನ್ನ ನರ್ಸಿಗೆ ಪರಚಿದ್ರು," ಎಂದರು. ಅಕ್ಕ ಎದ್ದವಳು ಗೋಡೆ ಹಿಡಿದುಕೊಂಡು ಮತ್ತೆ ಕೂತಳು. ಆಗ ಬಂತು ಅವಳಿಗೆ ನಡುಕ.

ಮನೆಗೆ ಬಂದಾಗ ಬಾಗಿಲು ಹಾಗೇ ತೆರೆದಿತ್ತು, ಏನೂ ಹೋಗಿರಲಿಲ್ಲ. ಗ್ಯಾಸ್ ಆಫ್ ಆಗಿತ್ತು. ನಾನೇ ಮೊದಲು ಹೋಗಿ ನೋಡಿದೆ.

ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಿಗೆ ಜಾಸ್ತಿ, ಆಪರೇಷನ್ ಮಾಡಿದರೆ ಕಾಣುತ್ತದೆ ಎಂದಿದ್ದಾರೆ. ಅಕ್ಕ ಹೆದರಿಕೊಂಡು ದಿನ ಮುಂದಕ್ಕೆ ಹಾಕುತ್ತಿದ್ದಾಳೆ. ಎಳೆದುಕೊಂಡು ಹೋಗುತ್ತೇನೆ, ಬಿಡುವವಳಲ್ಲ. ಅಲ್ಲಿಯವರೆಗೆ ಒಂದು ಇಂಜೆಕ್ಷನ್ನಿಗೆ ನಾವು ಇಬ್ಬರು. ರಟ್ಟು ಒಲೆಗೆ ಹೋಯಿತು. ಸಣ್ಣ ಸಿರಿಂಜನ್ನು ಕಿಟಕಿಗೆ ಹಿಡಿದು ಗೆರೆ ಓದುವುದು ನಾನು, ಚರ್ಮ ಎತ್ತಿ ಚುಚ್ಚುವುದು ಅವಳು.

"ಮೂರು," ಎನ್ನುತ್ತೇನೆ.

"ಸರಿಯಾಗಿ ನೋಡಿದ್ಯಾ?"

"ನೋಡ್ದೆ."

"ಇನ್ನೊಂದ್ಸಲ ನೋಡು."

ಇನ್ನೊಂದು ಸಲ ನೋಡುತ್ತೇನೆ. ಅವಳು ಹೇಳದಿದ್ದರೂ ಮೂರನೇ ಸಲ ನೋಡುತ್ತೇನೆ.

ಹೀಗೆ ಹದಿನೈದು ದಿನ ನಡೆಯಿತು. ಮೊನ್ನೆ ಬೆಳಗ್ಗೆ ನಾನು ಮೂರು ಎಂದು ಸಿರಿಂಜು ಚಾಚಿದರೆ ಅಕ್ಕ ಕೈ ನೀಡಲಿಲ್ಲ. ಸಾಹುಕಾರನ ಕತ್ತಿನ ಚರ್ಮ ಎತ್ತಿ ಹಿಡಿದು, "ಇವತ್ತು ನೀನೇ ಚುಚ್ಚು" ಎಂದಳು.

"ಬೇಡ ಅಕ್ಕ. ನನ್ ಕೈಲಾಗಲ್ಲ. ನೋಡು, ಕೈ ಹೇಗೆ ನಡುಗ್ತಿದೆ."

ಕಾಣುವುದಿಲ್ಲವಲ್ಲ, ಅವಳು ನನ್ನ ಕೈಯನ್ನು ಮುಟ್ಟಿ ನೋಡಿದಳು. ನಿಜವಾಗಿಯೂ ನಡುಗುತ್ತಿತ್ತು.

"ಹಾಂ," ಎಂದಳು ಅಕ್ಕ. "ಈಗ ಸರಿ. ಚುಚ್ಚು."